ಕಲ್ಲಿನ ಮಾತು, ತೆರೆಯ ಮಾತು

ಬ್ರಹ್ಮಾವರ, ಕುಂದಾಪುರ, ಬೈಂದೂರು ಎಂಬ ಮೂರು ತಾಲೂಕುಗಳ ನಾಡು ಪಡುವಣ ಕಡಲಿಗೂ ಮೂಡಣ ಘಟ್ಟಕ್ಕೂ ನಡುವೆ ಕಿರಿದಾದ ಹಸುರು ಪಟ್ಟಿಯಂತೆ ಚಾಚಿಕೊಂಡಿರುವುದು. ಸೀತಾ, ವಾರಾಹಿ, ಸೌಪರ್ಣಿಕಾ ಮೊದಲಾದ ಹೊಳೆಗಳು ಇದನ್ನು ಅಡ್ಡಲಾಗಿ ಹಾಯ್ದು ಕಡಲನ್ನು ಸೇರುತ್ತವೆ. ಹಿಂದೆ ಪರಸ್ಥಳದವರು ಇಲ್ಲಿಗೆ ಬರುತ್ತಿದ್ದುದು ಕೊಲ್ಲೂರಿನ ಮೂಕಾಂಬಿಕೆಯ ದರ್ಶನಕ್ಕೆ, ಕುಂಭಾಶಿಯ ವಿನಾಯಕನ ಸೇವೆಗೆ, ಮಂದಾರ್ತಿಯ ಹರಕೆಗೆ. ೨೦೨೨ರಿಂದೀಚೆಗೆ ಮತ್ತೊಂದು ಬಗೆಯ ಯಾತ್ರಿಕರೂ ಕಾಣಿಸಿಕೊಳ್ಳುತ್ತಿದ್ದಾರೆ. ‘ಕಾಂತಾರ’ವೆಂಬ ಚಲನಚಿತ್ರದಲ್ಲಿ ತೋರಿಸಿದ ಕಾಡು ಯಾವುದು, ಭೂಮಿಯನ್ನು ದಾನಮಾಡಿದ ಆ ಅರಸನ ಮನೆ ಎಲ್ಲಿ, ಎಂದು ಅವರು ಕೇಳುತ್ತಾರೆ. ನಮ್ಮ ಊರಿನ ಮಕ್ಕಳಲ್ಲಿ ಕೆಲವರು ಅವರಿಗೆ ಧೈರ್ಯವಾಗಿ ಉತ್ತರವನ್ನೂ ಕೊಡುತ್ತಾರೆ. ಆ ಪ್ರಶ್ನೆಯನ್ನೂ ಆ ಉತ್ತರವನ್ನೂ ಕೇಳಿದ ಮೇಲೆ, ಇತಿಹಾಸವೆಷ್ಟು, ಕಲ್ಪನೆಯೆಷ್ಟು ಎಂಬ ವಿಚಾರವನ್ನು ಈ ನಾಡಿನ ದಾರಿಯಲ್ಲಿಯೇ ನಡೆಯುತ್ತ ವಾಚಕರ ಮುಂದಿಡಬೇಕೆಂದು ನನಗೆ ತೋರಿತು.

ಕಥೆಗಾರನು ಹಳೆಯ ಸಂಗತಿಯನ್ನು ತನ್ನ ಇಷ್ಟದಂತೆ ತಿದ್ದಿಕೊಳ್ಳುವುದು ಹೊಸ ಪಾಪವೇನೂ ಅಲ್ಲ. ನಾಟಕದ ಕಥಾವಸ್ತುವನ್ನು ನಮ್ಮ ಆಲಂಕಾರಿಕರು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಇತಿಹಾಸ ಪುರಾಣಗಳಿಂದ ಬಂದದ್ದು ಪ್ರಖ್ಯಾತ, ಕವಿಯೇ ಕಲ್ಪಿಸಿದ್ದು ಉತ್ಪಾದ್ಯ, ಎರಡೂ ಬೆರೆತದ್ದು ಮಿಶ್ರ. ಧನಂಜಯನ ದಶರೂಪಕದಲ್ಲಿ ಈ ವಿಭಾಗವು ಸ್ಪಷ್ಟವಾಗಿದೆ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುರ್ವಾಸರ ಶಾಪವೂ ಇಲ್ಲ, ಕಳೆದುಹೋದ ಉಂಗುರವೂ ಇಲ್ಲ. ಅವೆರಡನ್ನೂ ತಂದು ಸೇರಿಸಿದವನು ಕಾಳಿದಾಸನು. ಮೂಲದಲ್ಲಿ ದುಷ್ಯಂತನು ತಿಳಿದೂ ತಿಳಿಯದವನಂತೆ ನಟಿಸುವನು. ನಾಟಕದಲ್ಲಿ ಅವನು ನಿಜವಾಗಿಯೇ ಮರೆತವನು. ನಾಯಕನ ಮಾನವೂ ಉಳಿಯಿತು, ರಸವೂ ಉಳಿಯಿತು. ಇದಕ್ಕಾಗಿ ಕಾಳಿದಾಸನನ್ನು ಯಾರೂ ಸುಳ್ಳುಗಾರನೆಂದು ನಿಂದಿಸಿಲ್ಲ. ಏಕೆಂದರೆ ಮೂಲಕಥೆಯು ಕೇಳುವವರೆಲ್ಲರಿಗೂ ಗೊತ್ತಿತ್ತು. ಕವಿಯು ಎಲ್ಲಿ ದಾರಿ ಬದಲಿಸಿದನೆಂಬುದನ್ನು ಅವರು ತಾವೇ ಅರಿಯಬಲ್ಲವರಾಗಿದ್ದರು. ಮೂಲವೇ ಗೊತ್ತಿಲ್ಲದವರ ಮುಂದೆ ಅದೇ ಸ್ವಾತಂತ್ರ್ಯವನ್ನು ವಹಿಸಿದರೆ ಏನಾಗುವುದೆಂಬುದೇ ಇಲ್ಲಿಯ ಪ್ರಶ್ನೆ.

ಬ್ರಹ್ಮಾವರದಿಂದ ಈಶಾನ್ಯಕ್ಕೆ, ಸೀತಾನದಿಯ ಬದಿಯಲ್ಲಿರುವ ಬಾರಕೂರಿಗೆ ಮೊದಲು ಹೋಗೋಣ. ಇದು ಆಳುಪರ ರಾಜಧಾನಿಯಾಗಿದ್ದ ಊರು. ವಿಜಯನಗರದವರು ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿ ಮಾಡಿ ಅಧಿಕಾರಿಗಳನ್ನು ನೇಮಿಸಿದ್ದಾಗ ಒಂದಕ್ಕೆ ಇದೇ ಕೇಂದ್ರವಾಗಿತ್ತು. ೧೪ನೆಯ ಶತಮಾನದ ನಡುಗಾಲದಲ್ಲಿ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತನು ಫಾಕನೂರೆಂದು ಕರೆದಿರುವುದು ಈ ಊರನ್ನೇ. ಅದರ ಒಡೆಯನಿಗೆ ೩೦ರಷ್ಟು ಯುದ್ಧನೌಕೆಗಳಿದ್ದುವೆಂದು ಅವನು ಬರೆದಿದ್ದಾನೆ. ಇಂದು ಅಲ್ಲಿ ಹಡಗೂ ಇಲ್ಲ, ಅರಮನೆಯೂ ಇಲ್ಲ. ಕೋಟೆಕೇರಿ, ಮಣಿಗಾರಕೇರಿ, ಮೂಡುಕೇರಿ, ಚೌಳಿಕೇರಿ ಎಂಬ ಹೆಸರುಗಳು ಮಾತ್ರ ಹಳೆಯ ಪಟ್ಟಣದ ಬೀದಿಗಳನ್ನು ನೆನಪಿಸುತ್ತವೆ. ಪಂಚಲಿಂಗೇಶ್ವರನ ವಿಶಾಲವಾದ ಗುಡಿಯನ್ನೂ ಕತ್ತಲೆ ಬಸದಿಯ ಕಲ್ಲಿನ ಮಂಟಪಗಳನ್ನೂ ನೋಡಿದವರಿಗೆ ಊರಿನ ಹಿಂದಿನ ಗಾತ್ರವು ಸ್ವಲ್ಪ ಮಟ್ಟಿಗೆ ಊಹೆಗೆ ಬರುವುದು. ಗುಡಿಗಳ ಅಂಗಳದಲ್ಲಿಯೂ ಗದ್ದೆಯ ಬದಿಯಲ್ಲಿಯೂ ಶಾಸನದ ಕಲ್ಲುಗಳು ನಿಂತಿವೆ.

ಇದೇ ಊರಿಗೆ ಭೂತಾಳಪಾಂಡ್ಯನ ಕಥೆಯೂ ಅಂಟಿಕೊಂಡಿದೆ. ಕುಂಡೋದರನೆಂಬ ಭೂತವು ಹಡಗುಗಳನ್ನು ತಡೆದು ನರಬಲಿಯನ್ನು ಕೇಳಿತಂತೆ. ಹೆಂಡತಿಯು ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ; ತಂಗಿಯು ತನ್ನ ಮಗ ಜಯಪಾಂಡ್ಯನನ್ನು ಕೊಟ್ಟಳು. ಭೂತವು ಮೆಚ್ಚಿ ಹುಡುಗನನ್ನು ಬದುಕಗೊಟ್ಟಿತು. ಅಂದಿನಿಂದ ಆಸ್ತಿಯು ಮಗನಿಗೆ ಹೋಗದೆ ಸೋದರಳಿಯನಿಗೆ ಹೋಗತಕ್ಕದ್ದೆಂಬ ಅಳಿಯಕಟ್ಟು ನಡೆದುಬಂತೆಂದು ಜನರ ನಂಬಿಕೆ. ಐತಿಹ್ಯವು ಇದಕ್ಕೆ ಕ್ರಿಸ್ತಶಕದ ಮೊದಲನೆಯ ಶತಮಾನದ ಕಾಲವನ್ನೂ ಹೇಳುತ್ತದೆ. ಆಳುಪರ ಶಾಸನಗಳಲ್ಲಿಯೂ ನಾಣ್ಯಗಳಲ್ಲಿಯೂ ಪಾಂಡ್ಯ ಎಂಬ ಬಿರುದು ಕಾಣುವುದು ನಿಜ. ಆದರೆ ಅದು ಕಾಣುವುದು ಎಷ್ಟೋ ಶತಮಾನಗಳ ಅನಂತರ. ವಡ್ಡರ್ಸೆಯಲ್ಲಿ ದೊರೆತ ಆಳುವರಸನ ಕನ್ನಡ ಶಾಸನವು ಈ ತೀರದ ಅತ್ಯಂತ ಹಳೆಯವುಗಳಲ್ಲಿ ಒಂದು. ಅದರ ಕಾಲವೂ ೭ನೆಯ ಶತಮಾನವೆಂದು ವಿದ್ವಾಂಸರ ಮತ.

ಕಥೆ ತಾನೆ, ಇದರಿಂದ ಆಗುವುದೇನು, ಎಂದು ಯಾರಾದರೂ ಕೇಳಬಹುದು. ಆದುದು ಅಲ್ಪವಲ್ಲ. ಇಂಗ್ಲಿಷರ ನ್ಯಾಯಸ್ಥಾನಗಳಲ್ಲಿ ಆಸ್ತಿಯ ವ್ಯಾಜ್ಯಗಳು ನಡೆದಾಗ ಈ ಕಟ್ಟಿನ ಮೂಲವೇನೆಂಬ ವಿಚಾರವಾಗಿ ಭೂತಾಳಪಾಂಡ್ಯನ ಹೆಸರೂ ಅಲ್ಲಿಗೆ ಹೋಯಿತು. ಮದರಾಸು ಶಾಸನಸಭೆಯು ೧೯೪೯ರಲ್ಲಿ ಅಳಿಯಸಂತಾನದ ಕಾಯಿದೆಯನ್ನು ಮಾಡುವವರೆಗೆ, ಮುಂದೆ ೧೯೫೬ರ ಹಿಂದೂ ಉತ್ತರಾಧಿಕಾರದ ಕಾಯಿದೆಯು ಬರುವವರೆಗೆ, ಯಾರ ಗದ್ದೆ ಯಾರಿಗೆ ಎಂಬ ಪ್ರಶ್ನೆಯ ಹಿಂದೆ ಈ ಕಥೆಯ ನೆರಳು ಇದ್ದೇ ಇತ್ತು. ನಮ್ಮ ನಾಡಿನಲ್ಲಿ ಹಳೆಯ ಕಾಲದ ಕಥೆಯು ಮನೆಯ ಜಗಲಿಯಲ್ಲಿ ಕುಳಿತಿರುವುದಿಲ್ಲ. ಅದು ಗದ್ದೆಯ ಅಂಚಿಗೆ ಹೋಗಿ ಗಡಿಕಲ್ಲಿನಂತೆ ನಿಲ್ಲುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ದಾರಿಯು ಸುಗಮವಾಗುವುದು.

ಬಾರಕೂರಿನಿಂದ ಹೆದ್ದಾರಿಗೆ ಬಂದು ಉತ್ತರಕ್ಕೆ ನಡೆದರೆ ಸಾಲಿಗ್ರಾಮವೂ ಕೋಟವೂ ಸಿಕ್ಕುತ್ತವೆ. ಕೋಟವು ೧೯೦೨ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ಅವರ ‘ಚೋಮನ ದುಡಿ’ಯು ೧೯೩೩ರಲ್ಲಿ ಹೊರಬಂದಿತು. ಬಿ. ವಿ. ಕಾರಂತರ ನಿರ್ದೇಶನದಲ್ಲಿ ಅದು ೧೯೭೫ರಲ್ಲಿ ಚಲನಚಿತ್ರವಾಗಿ ರಾಷ್ಟ್ರದ ಸ್ವರ್ಣಕಮಲವನ್ನು ಪಡೆಯಿತು. ಅದರಲ್ಲಿ ಹೆಸರುವಾಸಿಯಾದ ಅರಸನಿಲ್ಲ, ಯುದ್ಧವಿಲ್ಲ. ತಾನೂ ಒಂದು ತುಂಡು ನೆಲವನ್ನು ಪಡೆದು ಬೇಸಾಯಗಾರನಾಗಬೇಕೆಂದು ಹಂಬಲಿಸಿದ, ಕುಲದ ಕಾರಣದಿಂದ ಅದು ಕೈಗೂಡದೆ ಹೋದ, ಒಬ್ಬ ಬಡವನ ಬಾಳು ಅಷ್ಟೆ. ಚೋಮನೆಂಬುವನು ಯಾವ ಕಂದಾಯದ ಪುಸ್ತಕದಲ್ಲಿಯೂ ಸಿಕ್ಕಲಾರನು. ಆದರೂ ಆ ಕಾಲದಲ್ಲಿ ನೆಲವು ಯಾರ ಕೈಯಲ್ಲಿತ್ತು, ಯಾರಿಗೆ ಅದು ನಿಷಿದ್ಧವಾಗಿತ್ತು ಎಂಬುದನ್ನು ಕೇಳಿದರೆ, ಈ ಕಲ್ಪನೆಯು ಸಾಕ್ಷಿ ಹೇಳಬಲ್ಲದು. ವ್ಯಕ್ತಿಯು ಕಲ್ಪಿತನಾದರೂ ವ್ಯವಸ್ಥೆಯು ಕಲ್ಪಿತವಾಗಿರಲಿಲ್ಲ.

ಕುಂದಾಪುರದಿಂದ ಸ್ವಲ್ಪ ಒಳನಾಡಿಗೆ, ವಾರಾಹಿ ಹೊಳೆಯ ದಡದಲ್ಲಿ ಬಸರೂರಿದೆ. ಇಲ್ಲಿಯ ಶಾಸನಗಳಲ್ಲಿ ನಖರ, ಹಂಜಮಾನ ಎಂಬ ವರ್ತಕಸಂಘಗಳ ಮಾತು ಬರುತ್ತದೆ. ಇಲ್ಲಿಂದ ಅಕ್ಕಿಯು ಹಡಗುಗಳಲ್ಲಿ ದೂರದೇಶಗಳಿಗೆ ಹೋಗುತ್ತಿತ್ತು. ಬಾರ್ಸೆಲೋರ್ ಎಂದು ಇದನ್ನು ಕರೆದ ಪೋರ್ತುಗೀಸರು ೧೫೬೯ರಲ್ಲಿ ಇಲ್ಲಿ ತಮ್ಮ ಬಲವನ್ನು ಸ್ಥಾಪಿಸಿದರು. ೧೬೬೫ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜನು ೮೫ ಸಣ್ಣ ನಾವೆಗಳನ್ನೂ ೩ ದೊಡ್ಡ ಹಡಗುಗಳನ್ನೂ ಕೂಡಿಕೊಂಡು ಕಡಲಿನ ದಾರಿಯಿಂದ ಬಸರೂರಿಗೆ ಬಂದು, ಅಪಾರವಾದ ಸಂಪತ್ತನ್ನು ತೆಗೆದುಕೊಂಡು, ಹಿಂದಿರುಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನವನ್ನು ಮಾಡಿದನು. ಇಷ್ಟು ಚರಿತ್ರೆ.

ಈ ಸಂಗತಿಯನ್ನು ಈಗ ಹೇಳುವವರಲ್ಲಿ ಕೆಲವರು, ಮಹಾರಾಜನು ಬಸರೂರನ್ನು ಪೋರ್ತುಗೀಸರ ಕೈಯಿಂದ ಬಿಡಿಸಿದನೆಂದು ಹೇಳುತ್ತಾರೆ. ಕೇಳುವುದಕ್ಕೆ ಅದು ಹಿತವಾಗಿದೆ. ತೆರೆಯ ಮೇಲೆ ಇನ್ನೂ ಹಿತವಾಗಿ ಕಂಡೀತು. ಆದರೆ ಗಂಗೊಳ್ಳಿ, ಬಸರೂರು, ಹೊನ್ನಾವರಗಳಲ್ಲಿದ್ದ ಪೋರ್ತುಗೀಸರ ಕೋಟೆಗಳನ್ನು ಕೆಳದಿಯ ಶಿವಪ್ಪನಾಯಕನು ೧೬೫೦ರ ದಶಕದಲ್ಲಿಯೇ ಹಿಡಿದಿದ್ದನು. ೧೬೬೫ರಲ್ಲಿ ಊರು ಇದ್ದುದು ಕೆಳದಿಯವರ ರಾಜ್ಯದಲ್ಲಿ. ಲೂಟಿಯಾದ ಹಣವು ನಮ್ಮ ಸೆಟ್ಟಿಗಳದೂ ವರ್ತಕರದೂ ಆಗಿತ್ತು. ಇದನ್ನು ಹೇಳಿದರೆ ಶಿವಾಜಿಯ ಪರಾಕ್ರಮಕ್ಕೆ ಕುಂದು ಬರುವುದಿಲ್ಲ; ಹೇಳದೆ ಬಿಟ್ಟರೆ ಮಾತ್ರ ಶಿವಪ್ಪನಾಯಕನ ಕೆಲಸವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದಂತಾಗುವುದು. ಒಬ್ಬ ವೀರನನ್ನು ಕೊಂಡಾಡುವ ಭರದಲ್ಲಿ ಮತ್ತೊಬ್ಬನನ್ನು ಅಳಿಸಿಹಾಕುವುದು ಚಾರಿತ್ರಿಕ ಕಥೆಗಳಲ್ಲಿ ಪದೇಪದೇ ಕಾಣುವ ದೋಷ.

ಬಸರೂರಿನಿಂದ ಮೂಡಲಿಗೆ, ಘಟ್ಟದ ಬುಡದ ಕಡೆಗೆ ಹೋಗುವ ದಾರಿಯಲ್ಲಿ ಅಡಕೆಯ ತೋಟಗಳೂ ಕಾಡೂ ಒಂದರೊಳಗೊಂದು ಸೇರಿಕೊಂಡಿರುವುವು. ಅಲ್ಲಿರುವ ಕೆರಾಡಿಯು ರಿಷಬ್ ಶೆಟ್ಟಿಯವರ ಹುಟ್ಟೂರು. ‘ಕಾಂತಾರ’ದ ಬಹುಭಾಗದ ಚಿತ್ರೀಕರಣವೂ ಅಲ್ಲಿಯೇ ಆಯಿತು. ಆ ಚಿತ್ರದ ಕಥೆಯು ೧೮೪೭ರಿಂದ ತೊಡಗುತ್ತದೆ. ಎಲ್ಲ ಭಾಗ್ಯವಿದ್ದೂ ನೆಮ್ಮದಿಯಿಲ್ಲದ ಅರಸನೊಬ್ಬನು ಕಾಡಿನಲ್ಲಿ ಪಂಜುರ್ಲಿ ದೈವದ ಕಲ್ಲನ್ನು ಕಂಡು, ಅದಕ್ಕೆ ಪ್ರತಿಯಾಗಿ ಅಲ್ಲಿಯ ಜನರಿಗೆ ಭೂಮಿಯನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವನ ವಂಶದವನು ಆ ಭೂಮಿಯನ್ನು ಮರಳಿ ಕೇಳುವುದರಿಂದ ಅನರ್ಥವಾಗುತ್ತದೆ. ೧೯೯೦ರ ಹೊತ್ತಿಗೆ ಧಣಿಗಳೂ ಅರಣ್ಯಾಧಿಕಾರಿಯೂ ಕಾಡಿನ ಜನರೂ ಆ ನೆಲಕ್ಕಾಗಿ ಹೋರಾಡುತ್ತಾರೆ.

ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬನು, “ಮಾಷ್ಟ್ರೆ, ಆ ಅರಸು ಯಾರ್? ಯಾವ್ ಊರಿನವ್ರ್?” ಎಂದು ಕೇಳಿದನು. ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಅವನಿಗೆ ಹೇಳಿದ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಕೆಳದಿಯ ರಾಜ್ಯವು ೧೭೬೩ರಲ್ಲಿ ಹೈದರಾಲಿಯ ಕೈಗೆ ಬಿದ್ದಿತು. ೧೭೯೯ರಲ್ಲಿ ಟಿಪ್ಪುವು ಮಡಿದ ಮೇಲೆ ಕರಾವಳಿಯು ಕಂಪೆನಿಯವರಿಗೆ ಸೇರಿತು. ಥಾಮಸ್ ಮನ್ರೋ ಎಂಬವನು ಕನ್ನಡ ಜಿಲ್ಲೆಯ ಮೊದಲನೆಯ ಕಲೆಕ್ಟರನಾಗಿ ಬಂದು ಕಂದಾಯವನ್ನು ಗೊತ್ತುಮಾಡಿದನು. ಆದುದರಿಂದ ೧೮೪೭ರಲ್ಲಿ ಇಲ್ಲಿ ಆಳುತ್ತಿದ್ದುದು ಮದರಾಸಿನ ಸರಕಾರ. ಹಳೆಯ ಬೀಡುಗಳ ಒಡೆಯರನ್ನು ಜನರು ಗೌರವದಿಂದ ಅರಸು ಎಂದು ಕರೆಯುತ್ತಿದ್ದಿರಬಹುದು. ಅವರ ಕೈಯಲ್ಲಿ ವರ್ಗದ ಭೂಮಿಗಳೂ ಇದ್ದಿರಬಹುದು. ಆದರೆ ಸೀಮೆಯ ಕಾಡನ್ನೂ ಊರನ್ನೂ ಒಂದು ಮಾತಿಗೆ ದಾನಮಾಡಬಲ್ಲ ದೊರೆಯು ಆಗ ಇರಲಿಲ್ಲ.

ಹಾಗಾದರೆ ಒಕ್ಕಲಿನವನಿಗೆ ನೆಲವು ಬಂದುದು ಹೇಗೆ? ಚಿತ್ರದಲ್ಲಿಲ್ಲದ ಕಥೆಯು ಇದೇ. ನಮ್ಮ ಕಡೆಯಲ್ಲಿ ಗದ್ದೆಯನ್ನು ಉಳುವವನು ಮೂಲಗೇಣಿಯವನಾಗಿರುತ್ತಿದ್ದನು, ಇಲ್ಲವೆ ಚಾಲಗೇಣಿಯವನಾಗಿರುತ್ತಿದ್ದನು. ಮೂಲಗೇಣಿಗೆ ಸ್ಥಿರತೆಯುಂಟು, ಚಾಲಗೇಣಿಯವನನ್ನು ಧಣಿಯು ಬೇಡವೆಂದಾಗ ಬಿಡಿಸಬಹುದಾಗಿತ್ತು. ಬೆಳೆಯು ಬರಲಿ ಬಾರದಿರಲಿ, ಗೇಣಿಯ ಅಕ್ಕಿಮುಡಿಗಳು ಧಣಿಯ ಮನೆಗೆ ಹೋಗಲೇಬೇಕು. ೧೯೭೪ರ ಮಾರ್ಚಿ ೧ರಂದು ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದಿತು. ಆಗ ದೇವರಾಜ ಅರಸರು ಮುಖ್ಯಮಂತ್ರಿಗಳು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿಯನ್ನು ಬರೆದು ಕೊಡಬೇಕಾಗಿತ್ತು. ನಮ್ಮವರು ಅದಕ್ಕೆ ಡಿಕ್ಲರೇಶನ್ ಎಂದೇ ಹೇಳುತ್ತಾರೆ. ಭೂನ್ಯಾಯಮಂಡಳಿಯು ಅದನ್ನು ವಿಚಾರಿಸಿ ಹಕ್ಕನ್ನು ಕೊಡುತ್ತಿತ್ತು. ಓದುಬರಹ ಬಾರದ ಮುದುಕರು ಶಾಲೆಯ ಮಾಸ್ತರರಿಂದ ಅರ್ಜಿಯನ್ನು ಬರೆಯಿಸಿಕೊಂಡು, ಹೆಬ್ಬೆಟ್ಟನ್ನು ಒತ್ತಿ, ತಲೆತಲಾಂತರದಿಂದ ಕೈಮುಗಿದ ಧಣಿಯ ಎದುರು ನಿಂತು, ಈ ನೆಲವನ್ನು ಉಳುವವನು ನಾನು ಎಂದು ಹೇಳಿದರು. ಸಣ್ಣ ಹಿಡುವಳಿಯನ್ನು ಗೇಣಿಗೆ ಕೊಟ್ಟಿದ್ದ ವಿಧವೆಯರೂ ದೇವಸ್ಥಾನಗಳವರೂ ಜೀವನೋಪಾಯವನ್ನು ಕಳೆದುಕೊಂಡು ದುಃಖಪಟ್ಟುದೂ ಉಂಟು. ಎರಡು ಕಡೆಯ ಮನೆಗಳಲ್ಲಿಯೂ ಅದರ ಮಾತು ಇಂದಿಗೂ ಮುಗಿದಿಲ್ಲ. ಈ ಕಥೆಯಲ್ಲಿ ದೈವದ ಗಗ್ಗರದ ಸದ್ದಿಲ್ಲ, ಬೆಂಕಿಯಿಲ್ಲ; ಕಚೇರಿಯ ಜಗಲಿಯಲ್ಲಿ ಕಾದು ಕುಳಿತವರ ಸಾಲು ಮಾತ್ರ ಇದೆ. ಇದು ಮರೆತುಹೋದರೆ, ನೆಲವು ದೊರೆಯ ದಯೆಯಿಂದ ಬಂತೆಂದು ಮೊಮ್ಮಕ್ಕಳು ತಿಳಿಯುವರು. ಅಜ್ಜನು ನಡುಗುತ್ತಲೇ ಹೇಳಿದ ಆ ಒಂದು ಮಾತಿಗೆ ಬೆಲೆಯಿಲ್ಲದೆ ಹೋಗುವುದು.

ಇದರಿಂದ ‘ಕಾಂತಾರ’ವು ಸುಳ್ಳಿನ ಕಂತೆಯೆಂದು ನಾನು ಹೇಳಿದೆನೆಂದು ವಾಚಕರು ಭಾವಿಸಬಾರದು. ನೆಲವು ಮೊದಲು ದೈವದ್ದು, ಅನಂತರ ಮನುಷ್ಯನದು ಎಂಬ ನಂಬಿಕೆಯು ಈ ನಾಡಿನಲ್ಲಿ ನಿಜವಾಗಿ ಉಂಟು. ಕಾಡಿನ ಅಂಚಿನವರಿಗೂ ಅರಣ್ಯ ಇಲಾಖೆಗೂ ನಡುವಿನ ಇಕ್ಕಟ್ಟು ಕಲ್ಪನೆಯಲ್ಲ. ಮೂಕಾಂಬಿಕಾ ಅಭಯಾರಣ್ಯವು ಘೋಷಿತವಾದುದು ೧೯೭೪ರಲ್ಲಿ, ಗೇಣಿಯವನಿಗೆ ಹಕ್ಕು ಬಂದ ವರ್ಷದಲ್ಲಿಯೇ. ಚಿತ್ರವು ತನ್ನ ಅರಸನಿಗೆ ಯಾವ ನಿಜವಾದ ಮನೆತನದ ಹೆಸರನ್ನೂ ಇಟ್ಟಿಲ್ಲ. ಅಷ್ಟರ ಮಟ್ಟಿಗೆ ಅದು ಪ್ರಾಮಾಣಿಕ. ಇಸವಿಯೊಂದನ್ನು ಹೇಳಿದ್ದರಿಂದ ಮಾತ್ರ ಕಥೆಗೆ ಚರಿತ್ರೆಯ ಮುದ್ರೆಯು ಬಿದ್ದಂತಾಯಿತು.

ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಈ ತೊಡಕು ಇರಲಿಲ್ಲ. ಕೇದಗೆ ಮುಂದಲೆಯನ್ನು ಕಟ್ಟಿ, ಬಣ್ಣವನ್ನು ಬಳಿದುಕೊಂಡು ರಂಗಸ್ಥಳಕ್ಕೆ ಬಂದವನನ್ನು ನೋಡಿ, ದ್ವಾಪರದಲ್ಲಿ ಅಭಿಮನ್ಯುವು ಹೀಗೆಯೇ ಇದ್ದನೆಂದು ಯಾರೂ ತಿಳಿಯುವುದಿಲ್ಲ. ವೇಷವೇ ತಾನು ವೇಷವೆಂದು ಸಾರುತ್ತದೆ. ಚಲನಚಿತ್ರದಲ್ಲಿ ಗೋಡೆಯ ಸುಣ್ಣ, ಮಣ್ಣಿನ ಬಣ್ಣ, ದೀಪದ ಹೊಗೆ ಎಲ್ಲವೂ ನಿಜದಂತೆಯೇ ಇರುವುದರಿಂದ ಕಣ್ಣು ಮೋಸಹೋಗುತ್ತದೆ. ಕಣ್ಣು ನಂಬಿದುದನ್ನು ಬುದ್ಧಿಯು ಪ್ರಶ್ನಿಸುವುದು ಕಷ್ಟ.

ಈ ಮೋಸವು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅಮೇರಿಕಾದ ಒಂದು ದೃಷ್ಟಾಂತವಿದೆ. ಗ್ರಿಫಿತ್ ಎಂಬ ನಿರ್ದೇಶಕನು ೧೯೧೫ರಲ್ಲಿ ‘ಬರ್ತ್ ಆಫ್ ಎ ನೇಷನ್’ ಎಂಬ ಮೂಕಚಿತ್ರವನ್ನು ತೆಗೆದನು. ಆ ದೇಶದ ಅಂತರ್ಯುದ್ಧವೂ ಅದರ ಮುಂದಿನ ವರ್ಷಗಳೂ ಅದರ ವಸ್ತು. ಲಿಂಕನ್ ಅಧ್ಯಕ್ಷನನ್ನು ಕೊಂದ ನಾಟಕಶಾಲೆಯ ದೃಶ್ಯವನ್ನು ಅವನು ಗ್ರಂಥಗಳ ಆಧಾರದಿಂದ ಯಥಾವತ್ತಾಗಿ ಕಟ್ಟಿಸಿ, ಇದು ಚರಿತ್ರೆಯ ಪ್ರತಿರೂಪವೆಂದು ತೆರೆಯ ಮೇಲೆ ಬರೆಯಿಸಿದನು. ಆದರೆ ದಾಸ್ಯದಿಂದ ಬಿಡುಗಡೆಹೊಂದಿದ ಕರಿಯ ಜನರನ್ನು ದುಷ್ಟರೆಂದೂ, ಅವರನ್ನು ಹಿಂಸಿಸಿದ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪಿನವರನ್ನು ರಕ್ಷಕರೆಂದೂ ತೋರಿಸಿದನು. ಕುರ್ಚಿ ಮೇಜುಗಳು ನಿಜವಾಗಿದ್ದುವು, ಮನುಷ್ಯರು ಸುಳ್ಳಾಗಿದ್ದರು. ಅಳಿದುಹೋಗಿದ್ದ ಆ ಗುಂಪನ್ನು ಅದೇ ವರ್ಷದ ನವೆಂಬರದಲ್ಲಿ ಜಾರ್ಜಿಯಾ ಸಂಸ್ಥಾನದಲ್ಲಿ ಮತ್ತೆ ಕಟ್ಟಲಾಯಿತು, ಚಿತ್ರವು ಅದಕ್ಕೆ ಪ್ರಚಾರಸಾಧನವಾಯಿತು. ಸುಮಾರು ನೂರು ವರ್ಷಗಳ ಮೇಲೆ, ೨೦೧೩ರಲ್ಲಿ, ಸೊಲೊಮನ್ ನಾರ್ತಪ್ ಎಂಬ ಕರಿಯ ಗೃಹಸ್ಥನು ೧೮೫೩ರಲ್ಲಿ ತನ್ನ ದಾಸ್ಯದ ಅನುಭವವನ್ನು ಬರೆದ ಪುಸ್ತಕವನ್ನು ಹಿಡಿದು ಅದೇ ದೇಶದವರು ಮತ್ತೊಂದು ಚಿತ್ರವನ್ನು ನೋಡಿದರು. ಉಡುಗೆತೊಡುಗೆಗಳ ನಿಖರತೆಯು ಬೇರೆ, ಅನುಭವಿಸಿದವನ ಸಾಕ್ಷಿಗೆ ತಲೆಬಾಗುವುದು ಬೇರೆ. ‘ಚೋಮನ ದುಡಿ’ಯಲ್ಲಿ ನಾವು ಕಂಡುದೂ ಈ ಎರಡನೆಯದನ್ನೇ.

ಮತ್ತೆ ನಮ್ಮ ದಾರಿಗೆ ಬರೋಣ. ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಸುಪರ್ಣನು, ಎಂದರೆ ಗರುಡನು, ಅದರ ತೀರದಲ್ಲಿ ತಪಸ್ಸುಮಾಡಿದ್ದರಿಂದ ಹೊಳೆಗೆ ಆ ಹೆಸರಾಯಿತೆಂದು ಸ್ಥಳಪುರಾಣ. ಈ ಕಥೆಗೆ ಇಸವಿಯಿಲ್ಲ, ಬೇಕೂ ಇಲ್ಲ. ಅದು ಯಾರ ಗದ್ದೆಯನ್ನೂ ಕೇಳುವುದಿಲ್ಲ. ಬೈಂದೂರಿನ ಸೇನೇಶ್ವರ ದೇವಾಲಯದ ಶಿಲ್ಪಗಳನ್ನು ನೋಡಿಕೊಂಡು, ಕೊಲ್ಲೂರಿನ ದಾರಿಯಲ್ಲಿ ಘಟ್ಟವನ್ನೇರಿ ನಗರ, ಶಿಕಾರಿಪುರದ ಕಡೆಗೆ ಹೋದರೆ ತಾಳಗುಂದವು ಸಿಕ್ಕುತ್ತದೆ. ಅಲ್ಲಿಯ ಸ್ತಂಭದ ಮೇಲೆ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಶಾಸನವಿದೆ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮನೆಂಬ ಬ್ರಾಹ್ಮಣನು ಪಲ್ಲವರ ಕುದುರೆಯ ಭಟನೊಡನೆ ಕಲಹವಾಗಿ, ದರ್ಭೆಯನ್ನು ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದು ರಾಜ್ಯವನ್ನು ಕಟ್ಟಿದನೆಂದು ಅದು ಹೇಳುತ್ತದೆ. ೧೯೭೫ರ ‘ಮಯೂರ’ ಚಿತ್ರದಲ್ಲಿ ಅವನು ಹುಟ್ಟಿನಿಂದಲೇ ರಾಜಕುಮಾರನೆಂದು ಗೊತ್ತಾಗುತ್ತದೆ. ರಾಜಕುಮಾರರ ಅಭಿನಯವು ಎಷ್ಟು ಉಜ್ಜ್ವಲವಾಗಿದೆಯೆಂದರೆ, ಕನ್ನಡಿಗರಲ್ಲಿ ಬಹುಮಂದಿಗೆ ಮಯೂರನೆಂದರೆ ಆ ಮುಖವೇ. ಆದರೆ ಸಾಮಾನ್ಯನೊಬ್ಬನು ಅವಮಾನವನ್ನು ಸಹಿಸದೆ ದೊರೆಯಾದನೆಂಬ ಶಾಸನದ ಕಥೆಯು, ರಾಜನ ಮಗನು ರಾಜನಾದನೆಂಬ ಕಥೆಗಿಂತ ದೊಡ್ಡದಲ್ಲವೆ?

೨೦೨೫ರ ಅಕ್ಟೋಬರದಲ್ಲಿ ಬಂದ ‘ಕಾಂತಾರ’ದ ಪೂರ್ವಭಾಗವು ಆ ಕದಂಬರ ಕಾಲಕ್ಕೇ ಹೋಗುತ್ತದೆ. ಅದರಲ್ಲಿ ಬಾಂಗ್ರವೆಂಬ ರಾಜ್ಯವು ಬರುತ್ತದೆ. ಹೆಸರನ್ನು ಕೇಳಿದೊಡನೆ ಕರಾವಳಿಯವರಿಗೆ ಬಂಗ ಅರಸರ ನೆನಪಾಗುವುದು ಸಹಜ. ಆದರೆ ಬಂಗರು ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಮಯೂರಶರ್ಮನಿಗೆ ಎಷ್ಟೋ ಶತಮಾನಗಳ ಮೇಲೆ. ಕಥೆಗಾರನಿಗೆ ಕಾಲಗಳನ್ನು ಬೆರೆಸುವ ಅಧಿಕಾರವುಂಟು. ನೋಡುವವನಿಗೆ ಅವನ್ನು ಬಿಡಿಸಿ ನೋಡುವ ಹೊಣೆಯುಂಟು.

ಕಲ್ಲಿನ ಮಾತೆಲ್ಲವೂ ಸತ್ಯವೆಂದು ನಾನು ವಾದಿಸುವವನಲ್ಲ. ಕುಬ್ಜನೂ ಕವಿಯೇ, ಅರಸನ ಅನ್ನವನ್ನು ಉಂಡು ಅರಸನನ್ನು ಹೊಗಳಿದವನೇ. ಆದರೆ ಶಾಸನವನ್ನು ಬರೆದವನು ಯಾರು, ಬರೆಯಿಸಿದವನು ಯಾರು, ಯಾವ ಕಾಲದಲ್ಲಿ ಎಂಬುದನ್ನು ನಾವು ವಿಚಾರಿಸಿ, ಅದರ ಹೊಗಳಿಕೆಯನ್ನು ಕಳೆದು ಉಳಿದುದನ್ನು ತೂಗಬಹುದು. ಪಿ. ಗುರುರಾಜ ಭಟ್ಟರೂ ಕೆ. ವಿ. ರಮೇಶರೂ ಊರೂರು ತಿರುಗಿ ಈ ತೀರದ ಕಲ್ಲುಗಳನ್ನು ಓದಿ ೧೯೭೦ರ ದಶಕದ ಹೊತ್ತಿಗೆ ತುಳುನಾಡಿನ ಚರಿತ್ರೆಯನ್ನು ಬರೆದುದು ಹೀಗೆಯೇ. ಅಂತಹ ತೂಕಕ್ಕೆ ಒಡ್ಡಿಕೊಳ್ಳುವ ಸಾಹಸವು ತೆರೆಯ ಕಥೆಗೂ ಇರಬೇಕು.

ಗೃಹಸ್ಥರಿಗೆ ನನ್ನ ವಿಜ್ಞಾಪನೆಯು ಸಣ್ಣದು. ಮಕ್ಕಳನ್ನು ಚಿತ್ರಕ್ಕೆ ಕರೆದುಕೊಂಡು ಹೋಗಿ. ಅವರೊಡನೆ ನೀವೂ ಸಂತೋಷಪಡಿ. ಮರುದಿನ, ಅದರಲ್ಲಿ ಹೇಳಿದ ಇಸವಿಯಲ್ಲಿ ಇಲ್ಲಿ ಆಳುತ್ತಿದ್ದವರು ಯಾರೆಂದು ಅವರಿಂದಲೇ ಹುಡುಕಿಸಿ. ರಜೆಯಲ್ಲಿ ಒಂದು ಹಗಲು ಬಾರಕೂರಿನ ಕೇರಿಗಳಲ್ಲಿ ನಡೆದಾಡಿಸಿ; ಕಲ್ಲಿನ ಅಕ್ಷರಗಳ ಮೇಲೆ ಬೆರಳಾಡಿಸಲಿ. ಮನೆಯಲ್ಲಿ ಹಿರಿಯರಿದ್ದರೆ, ನಮ್ಮ ಗದ್ದೆಯು ನಮಗೆ ಬಂದುದು ಹೇಗೆ, ಅಥವಾ ಹೋದುದು ಹೇಗೆ, ಎಂಬುದನ್ನು ಅವರ ಬಾಯಿಂದಲೇ ಕೇಳಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ. ೧೯೭೪ರಲ್ಲಿ ಅರ್ಜಿಗೆ ಹೆಬ್ಬೆಟ್ಟನ್ನು ಒತ್ತಿದವರಲ್ಲಿ ಇನ್ನೂ ಬದುಕಿರುವವರು ಬಹಳ ಮಂದಿಯಿಲ್ಲ.